ಹೇಳುವುದು ಮತ್ತು ಹೇಳಿಕೊಡುವುದು: ಗಡಿನಾಡಿನ ಆಸ್ಪತ್ರೆಯಲ್ಲಿ ರೋಗಿಯ ಕಲಿಕೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

  

ಗಡಿನಾಡ ಕನ್ನಡದ ಬಗ್ಗೆ ಮಾತು ಬಂದರೆ ನಾವು ಹೆಚ್ಚಾಗಿ ಹೋಗುವುದು ಶಾಲೆಗೆ. ಕನ್ನಡ ಮಾಧ್ಯಮ, ಅಧ್ಯಾಪಕರ ನೇಮಕಾತಿ, ಪಠ್ಯಪುಸ್ತಕ, ಹೆಚ್ಚೆಂದರೆ ಊರ ಹೆಸರಿನ ಬೋರ್ಡು. ಇವತ್ತು ನಾನು ಆಸ್ಪತ್ರೆಯ ವರಾಂಡಕ್ಕೆ ಹೋಗಬೇಕೆಂದಿದ್ದೇನೆ. ವೈದ್ಯರು, ದಾದಿಯರು, ಮದ್ದು ಕೊಡುವವರು ರೋಗಿಗೆ ‘ಮನೆಯಲ್ಲಿ ನೀವು ಹೀಗೆ ಮಾಡಿಕೊಳ್ಳಬೇಕು’ ಎಂದು ಕಲಿಸುತ್ತಾರಲ್ಲ, ಆ ಕಲಿಸುವಿಕೆಯನ್ನು ಒಂದು ಪಠ್ಯವಾಗಿ ಇಟ್ಟುಕೊಂಡು ವಿಮರ್ಶೆ ಮಾಡುವುದು ನನ್ನ ಉದ್ದೇಶ. ಉದಾಹರಣೆಗಳು ಹೆಚ್ಚಾಗಿ ಕಾಸರಗೋಡಿನವು, ಕಾಯಿಲೆ ಹೆಚ್ಚಾಗಿ ಸಕ್ಕರೆ ಕಾಯಿಲೆ. ನಡುವೆ ಅಕ್ಕಲಕೋಟೆ, ತಾಳವಾಡಿ, ಗೂಡಲೂರಿನ ಕಡೆಗೂ ನೋಡುತ್ತೇನೆ.

ನನ್ನ ವಾದ ಇಷ್ಟೇ. ‘ಆಸ್ಪತ್ರೆಯಲ್ಲಿ ಕನ್ನಡ ಬೇಕು’ ಎಂಬ ನಮ್ಮ ಬೇಡಿಕೆ ನ್ಯಾಯವಾದದ್ದು, ಆದರೆ ಸಣ್ಣದು. ಅದು ಕನ್ನಡದ ಕರಪತ್ರ ಸಿಕ್ಕಿದ ಕೂಡಲೆ ಮುಗಿದುಹೋಗುತ್ತದೆ. ರೋಗಿಯ ಕಲಿಕೆ ಅಲ್ಲಿಗೆ ಮುಗಿಯುವುದಿಲ್ಲ. ನಮ್ಮ ಭಾಷೆಯಲ್ಲಿ ‘ಹೇಳುವುದು’ ಬೇರೆ, ‘ಹೇಳಿಕೊಡುವುದು’ ಬೇರೆ. ಹೇಳುವುದಕ್ಕೆ ಒಬ್ಬರು ಸಾಕು. ಹೇಳಿಕೊಡಬೇಕಾದರೆ ಎದುರಿಗೆ ತೆಗೆದುಕೊಳ್ಳುವವರೊಬ್ಬರು ಇರಬೇಕು, ಅವರ ಕೈಗೆ ಮುಟ್ಟಿತೋ ಇಲ್ಲವೋ ಎಂದು ಕೊಡುವವರು ನೋಡಬೇಕು. ಗಡಿಯ ಆಸ್ಪತ್ರೆಗಳಲ್ಲಿ ಹೇಳುವುದು ಬೇಕಾದಷ್ಟು ನಡೆಯುತ್ತದೆ, ಹೇಳಿಕೊಡುವುದು ಕಡಿಮೆ.

1. ಹಕ್ಕು ಎಲ್ಲಿಯವರೆಗೆ?

ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದೇ ವರ್ಷದ ಏಳನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ಮತ್ತು 350ಬಿ ವಿಧಿಗಳು ಬಂದವು. ಮೊದಲನೆಯದು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಬಗ್ಗೆ, ಎರಡನೆಯದು ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ಬಗ್ಗೆ. ಮೂಲದ 350ನೇ ವಿಧಿಯ ಪ್ರಕಾರ ನಾವು ನಮ್ಮ ದೂರನ್ನು ನಮ್ಮ ಭಾಷೆಯಲ್ಲಿ ಬರೆದುಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲೂ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದ ಜತೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವುದಕ್ಕೆ ಅವಕಾಶ ಉಂಟು.

ಇವುಗಳನ್ನು ಒಟ್ಟಿಗೆ ಇಟ್ಟು ನೋಡಿ. ಕಲಿಯುವ ಮಗುವಿಗೂ ಅರ್ಜಿ ಬರೆಯುವ ಪ್ರಜೆಗೂ ಜಾಗ ಸಿಕ್ಕಿದೆ. ಮದ್ದಿನ ಚೀಟಿ ಹಿಡಿದು ನಿಂತ ಅರುವತ್ತು ವರ್ಷದ ಅಜ್ಜಿಗೆ ಇವುಗಳಲ್ಲಿ ನೇರವಾದ ಜಾಗ ಇಲ್ಲ. ಆಕೆ ಕಲಿಯುವವಳೂ ಹೌದು, ಆದರೆ ಆಕೆಯ ಶಾಲೆ ಆಸ್ಪತ್ರೆಯ ಕಿಟಕಿ, ಪಾಠದ ಅವಧಿ ಒಂದೋ ಎರಡೋ ನಿಮಿಷ. ನಮ್ಮ ಭಾಷಾ ಹಕ್ಕಿನ ಚರ್ಚೆ ಈ ಪಾಠವನ್ನು ಪಾಠವೆಂದು ಲೆಕ್ಕಕ್ಕೆ ತೆಗೆದುಕೊಂಡದ್ದೇ ಕಡಿಮೆ.

2. ಕರಪತ್ರದ ಕನ್ನಡ

ಈಗ ಪಠ್ಯಕ್ಕೆ ಬರುವ. ಆರೋಗ್ಯ ಕರಪತ್ರಗಳಲ್ಲಿ ಒಂದು ಜಾತಿಯ ವಾಕ್ಯ ಉಂಟು. ಮಾದರಿಗೆ ನಾನೇ ಒಂದನ್ನು ಕಟ್ಟಿದ್ದೇನೆ: ‘ಮಧುಮೇಹಿಗಳು ಪಾದಗಳ ಆರೈಕೆಯ ಕುರಿತು ಸೂಕ್ತ ನಿಗಾ ವಹಿಸತಕ್ಕದ್ದು.’ ವ್ಯಾಕರಣ ಸರಿ ಉಂಟು, ಶಬ್ದಗಳೆಲ್ಲ ಕನ್ನಡವೇ. ಆದರೆ ಯಾರು, ಯಾವಾಗ, ಎಂತ ಮಾಡಬೇಕು? ‘ಸೂಕ್ತ’ ಅಂದ್ರೆ ಎಷ್ಟು? ‘ನಿಗಾ’ ಅಂದ್ರೆ ಕಣ್ಣಲ್ಲಿ ನೋಡುವುದೋ, ಎಣ್ಣೆ ಹಚ್ಚುವುದೋ? ಈ ವಾಕ್ಯಕ್ಕೆ ಎದುರಿಗೆ ಯಾರೂ ಇಲ್ಲ. ಇಲಾಖೆ ತನ್ನ ಕೆಲಸ ಮುಗಿಸಿದ್ದಕ್ಕೆ ಇದು ರಶೀದಿ, ಅಷ್ಟೆ.

ಅದನ್ನೇ ಹೀಗೆ ಹೇಳಿದರೆ: ‘ದಿನಾ ರಾತ್ರಿ ಮಲಗುವ ಮೊದಲು ಅಂಗಾಲು ನೋಡಿಕೊಳ್ಳಿ, ಬೆರಳ ಸಂದು ಕೂಡ. ಬಗ್ಗಲಿಕ್ಕೆ ಆಗದಿದ್ದರೆ ಮನೆಯವರಿಗೆ ತೋರಿಸಿ. ಗಾಯ, ಗುಳ್ಳೆ ಕಂಡರೆ ನೋವು ಇಲ್ಲದಿದ್ದರೂ ಮರುದಿನವೇ ಬನ್ನಿ.’ ಇಲ್ಲಿ ಹೊತ್ತು, ಜಾಗ, ಕೈ ಎಲ್ಲವೂ ಉಂಟು. ‘ನೋವು ಇಲ್ಲದಿದ್ದರೂ’ ಎಂಬಲ್ಲಿ ಕಾಯಿಲೆಯ ಗುಟ್ಟೂ ಉಂಟು. ಸಕ್ಕರೆ ಕಾಯಿಲೆಯಲ್ಲಿ ಕಾಲಿನ ನರ ಜೋಮು ಹಿಡಿದು ಗಾಯ ಗೊತ್ತಾಗದೆ ಹೋಗುವುದರಿಂದಲೇ ದಿನಾ ನೋಡಬೇಕಾದ್ದು. ನೋವಾದರೆ ಬರುತ್ತೇನೆ ಎಂದು ಕಾಯುವವರು ಕೆಲವೊಮ್ಮೆ ಬೆರಳು ತೆಗೆಸಿಕೊಳ್ಳಲಿಕ್ಕೇ ಬರಬೇಕಾಗುತ್ತದೆ.

ಇಂಥ ಕನ್ನಡ ನಮಗೆ ಹೊಸದಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರ ಆರೋಗ್ಯ ಪುಸ್ತಕಗಳ ಹೆಸರುಗಳನ್ನೇ ನೋಡಿ: ‘ವಧುವಿಗೆ ಕಿವಿಮಾತು’, ‘ಕೇಳು ಕಿಶೋರಿ’. ಯಾರಿಗೆ ಹೇಳುತ್ತಿದ್ದೇನೆ ಎಂಬುದು ಹೆಸರಿನಲ್ಲೇ ಬಂದುಬಿಟ್ಟಿತು. ಕನ್ನಡದ ವೈದ್ಯಸಾಹಿತ್ಯಕ್ಕೆ ಎದುರಿನವರನ್ನು ಕರೆದು ಕೂರಿಸಿ ಮಾತಾಡುವ ಗುಣ ಇತ್ತು, ಈಗಲೂ ಇದೆ. ಅದು ಇಲಾಖೆಯ ಕರಪತ್ರಕ್ಕೆ ದಾಟಲಿಲ್ಲ. ಗಡಿಯಲ್ಲಿ ತೊಂದರೆ ಇಮ್ಮಡಿ: ಇಂಗ್ಲಿಷಿನಿಂದ ರಾಜ್ಯಭಾಷೆಗೆ, ಅಲ್ಲಿಂದ ಕನ್ನಡಕ್ಕೆ ಬರುವಾಗ ಎರಡು ಕಡೆ ರಸ ಸೋರುತ್ತದೆ.

ಉಪ್ಪಿನ ವಿಷಯ ಇನ್ನೂ ಸ್ಪಷ್ಟ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎನ್ನುತ್ತದೆ. ಅದನ್ನು ಹಾಗೇ ಅಚ್ಚು ಹಾಕಿದರೆ ಪ್ರಯೋಜನ ಎಂತ? ಯಾರೂ ತಮ್ಮ ತಟ್ಟೆಯ ಉಪ್ಪನ್ನು ತೂಗುವುದಿಲ್ಲ, ಉಪ್ಪು ಬೀಳುವುದು ಇಡೀ ಮನೆಯ ಪಾತ್ರೆಗೆ. ಆದರೆ ನಾಲ್ಕು ಮಂದಿಯ ಮನೆಗೆ ತಿಂಗಳಿಗೆ 600 ಗ್ರಾಂ, ಅಂದ್ರೆ ಒಂದು ಕಿಲೋ ಪ್ಯಾಕೆಟು 50 ದಿನ ಬರಬೇಕು ಎಂದರೆ ಅಡುಗೆಮನೆಗೆ ಮುಟ್ಟುತ್ತದೆ. ಉಪ್ಪಿನಕಾಯಿ, ಒಣಮೀನು, ಹಪ್ಪಳ ಇದ್ದರೆ ಇನ್ನೂ ಹೆಚ್ಚು ದಿನ ಬರಬೇಕು. ಈ ಲೆಕ್ಕ ಅನುವಾದದಿಂದ ಬರುವುದಿಲ್ಲ, ಅಂಗಡಿ ಸಾಮಾನಿನ ಚೀಟಿ ಬರೆಯುವವರ ಜತೆ ಕೂತರೆ ಬರುತ್ತದೆ.

3. ಪಥ್ಯ: ಎಲ್ಲ ಭಾಷೆಗೂ ಸಿಕ್ಕುವ ಶಬ್ದ

ಗಡಿಯಲ್ಲಿ ತಪ್ಪು ತಿಳಿವಳಿಕೆ ಅಂದಾಗ ನಮಗೆ ತಮಾಷೆಯ ಉದಾಹರಣೆಗಳು ನೆನಪಾಗುತ್ತವೆ. ಮಲಯಾಳದಲ್ಲಿ ‘ಉಚ್ಚ’ ಅಂದರೆ ಮಧ್ಯಾಹ್ನ, ಕನ್ನಡದ ‘ಉಚ್ಚೆ’ ಎಂತ ಅಂತ ನಾನು ಹೇಳಬೇಕಾಗಿಲ್ಲ. ಇಂಥ ಎಡವಟ್ಟು ಅಪಾಯದ್ದಲ್ಲ, ಯಾಕಂದ್ರೆ ಅದು ಕೂಡಲೆ ಗೊತ್ತಾಗುತ್ತದೆ, ಇಬ್ಬರೂ ನಗುತ್ತಾರೆ, ಸರಿಯಾಗುತ್ತದೆ. ಎರಡೂ ಕಡೆ ಒಂದೇ ಇರುವ ಶಬ್ದವೇ ಹೆಚ್ಚು ಅಪಾಯ. ‘ಪಥ್ಯ’ವನ್ನೇ ತಗೊಳ್ಳಿ. ಕನ್ನಡ, ಮರಾಠಿಗಳಲ್ಲಿ ಪಥ್ಯ. ಮಲಯಾಳ, ತೆಲುಗು, ತಮಿಳಿನಲ್ಲಿ ಪಥ್ಯಂ. ಡಾಕ್ಟ್ರು ಹೇಳಿದ್ದು ರೋಗಿಗೆ ಗೊತ್ತಾಯಿತು ಎಂದು ಎಲ್ಲರಿಗೂ ಸಮಾಧಾನ.

ಆದರೆ ನಮ್ಮ ಮನೆಗಳ ಪಥ್ಯಕ್ಕೆ ಕೊನೆ ಉಂಟು. ಕಾಮಾಲೆಗೆ ಇಂತಿಷ್ಟು ದಿನ, ಬಾಣಂತಿಗೆ ಇಂತಿಷ್ಟು ದಿನ. ಮದ್ದು ಮುಗಿಯಿತು, ಪಥ್ಯ ಬಿಟ್ಟಿತು. ರಕ್ತದೊತ್ತಡಕ್ಕೆ, ಸಕ್ಕರೆ ಕಾಯಿಲೆಗೆ ಹೀಗೆ ಬಿಡುವ ದಿನ ಇಲ್ಲ. ‘ರಿಪೋರ್ಟು ನಾರ್ಮಲ್ ಬಂತು’ ಎಂದು ಮಾತ್ರೆ ನಿಲ್ಲಿಸುವವರನ್ನು ನಾವು ಅಸಡ್ಡೆಯವರು ಎನ್ನುತ್ತೇವೆ. ಅವರು ಅಸಡ್ಡೆ ಮಾಡಲಿಲ್ಲ, ತಮಗೆ ಗೊತ್ತಿದ್ದ ಪಥ್ಯದ ನಿಯಮವನ್ನು ಸರಿಯಾಗಿಯೇ ಪಾಲಿಸಿದರು. ‘ಮಾತ್ರೆ ತಗೊಳ್ಳುವುದರಿಂದಲೇ ನಾರ್ಮಲ್ ಬಂದದ್ದು’ ಎಂಬ ಒಂದು ಮಾತನ್ನು ಅವರಿಗೆ ಯಾರೂ ಹೇಳಿಕೊಡಲಿಲ್ಲ.

‘ಸಕ್ಕರೆ ಕಾಯಿಲೆ’ ಎಂಬ ಹೆಸರೂ ಹೀಗೆಯೇ. ಹೆಸರೇ ಪಾಠವಾಗಿಬಿಡುತ್ತದೆ: ಚಾಯಕ್ಕೆ ಸಕ್ಕರೆ ಬಿಟ್ಟರೆ ಸಾಕು. ಕಾಸರಗೋಡಿನಲ್ಲಿ ಎರಡು ಹೊತ್ತಿನ ಕುಚ್ಚಲಕ್ಕಿ ಗಂಜಿ, ಅಕ್ಕಲಕೋಟೆಯ ಕಡೆ ಜೋಳದ ರೊಟ್ಟಿಯ ಸಂಖ್ಯೆ ಲೆಕ್ಕಕ್ಕೆ ಬರುವುದಿಲ್ಲ. ಇದರ ಇನ್ನೊಂದು ಮುಖ ಹೆಚ್ಚು ಭಯದ್ದು. ಇನ್ಸುಲಿನ್ ತೆಗೆದುಕೊಂಡು ಊಟ ತಡವಾದರೆ ರಕ್ತದ ಸಕ್ಕರೆ ಇಳಿಯುತ್ತದೆ. ಬೆವರು, ಕೈನಡುಕ, ಹಸಿವು, ತಲೆ ಮಂಕು. ಆಗ ಎಚ್ಚರ ಇರುವವರಿಗೆ ಮೂರು ಸಣ್ಣ ಚಮಚ ಸಕ್ಕರೆ ನೀರಲ್ಲಿ ಕದಡಿ ಕೂಡಲೆ ಕುಡಿಸಬೇಕು, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ‘ಸಕ್ಕರೆ ಮುಟ್ಟಬಾರದು’ ಎಂದು ಮಾತ್ರ ಕಲಿತ ಮನೆಯಲ್ಲಿ ಆ ಹೊತ್ತಿಗೆ ಸಕ್ಕರೆ ಡಬ್ಬಿ ತೆರೆಯುವವರು ಯಾರು? ಅರ್ಧ ಪಾಠ ಪ್ರಾಣಕ್ಕೆ ಬರುವುದು ಹೀಗೆ.

4. ಎರಡು ಚೀಟಿ, ಒಂದೇ ದೇಹ

ಗಡಿನಾಡಿನ ರೋಗಿಗೆ ಒಂದೇ ಆಸ್ಪತ್ರೆ ಇರುವುದಿಲ್ಲ. ಮಂಜೇಶ್ವರ, ಕುಂಬಳೆಯವರು ಸಣ್ಣದಕ್ಕೆ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗುತ್ತಾರೆ, ದೊಡ್ಡದಕ್ಕೆ ಮಂಗಳೂರಿಗೆ. ತಾಳವಾಡಿಯವರಿಗೆ ಚಾಮರಾಜನಗರ ಹತ್ತಿರ. ತಮ್ಮದೇ ರಾಜ್ಯದ ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಅಕ್ಕಲಕೋಟೆಯವರು ಸೊಲ್ಲಾಪುರಕ್ಕೆ ಹೋಗುತ್ತಾರೆ, ಅಲ್ಲಿ ಮರಾಠಿ. ಹೀಗೆ ಒಬ್ಬರೇ ರೋಗಿ ಎರಡು ರಾಜ್ಯದ, ಎರಡು ಭಾಷೆಯ ಪಾಠ ಕೇಳುತ್ತಾರೆ. ಎರಡನ್ನೂ ಕೂಡಿಸುವ ಕೆಲಸ ಅವರದ್ದೇ.

ಅದು ಎಷ್ಟು ಕಷ್ಟ ಎಂಬುದಕ್ಕೆ ಎರಡು ಉದಾಹರಣೆ. ಸರಕಾರಿ ಕೇಂದ್ರದಲ್ಲಿ ಕೊಟ್ಟ ಮೆಟ್‌ಫಾರ್ಮಿನ್‌ಗೂ ನಗರದ ಖಾಸಗಿ ಆಸ್ಪತ್ರೆಯಲ್ಲಿ ಬರೆದ ಮಾತ್ರೆಗೂ ಹೊರಗಿನ ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಮದ್ದು ಒಂದೇ ಇರಬಹುದು. ಎರಡನ್ನೂ ಶ್ರದ್ಧೆಯಿಂದ ತೆಗೆದುಕೊಂಡರೆ ಡೋಸು ಇಮ್ಮಡಿ. ಎರಡನೆಯದು ಇನ್ಸುಲಿನ್. ನಮ್ಮ ದೇಶದಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಯೂ ಉಂಟು, 100 ಯೂನಿಟ್ ಇರುವುದೂ ಉಂಟು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಬರುವುದು ಅರ್ಧ ಮಿಲಿಲೀಟರು, ಅಂದ್ರೆ 50 ಯೂನಿಟ್. ಎರಡೂವರೆ ಪಟ್ಟು. ಬಾಟಲಿ ಒಂದು ಊರಿನದ್ದು, ಸಿರಿಂಜು ಇನ್ನೊಂದು ಊರಿನದ್ದು ಆದಾಗ ಈ ತಪ್ಪಿಗೆ ದಾರಿ ತೆರೆದೇ ಇರುತ್ತದೆ. ಇಲ್ಲಿ ಬೇಕಾದ್ದು ಸಾಹಿತ್ಯದ ಕನ್ನಡ ಅಲ್ಲ. ‘ಮುಚ್ಚಳದ ಬಣ್ಣ ನೋಡಿ, ಬಾಟಲಿಯ ನಂಬ್ರವೂ ಸಿರಿಂಜಿನ ನಂಬ್ರವೂ ಒಂದೇ ಉಂಟಾ ನೋಡಿ’ ಎಂದು ಎರಡನ್ನೂ ಕೈಯಲ್ಲಿ ಹಿಡಿಸಿ ತೋರಿಸಿದರೆ ಸಾಕು.

2020ರ ಮಾರ್ಚ್ ಕೊನೆಯ ದಿನಗಳನ್ನು ನೆನಪಿಸಿಕೊಳ್ಳಿ. ಕೋವಿಡ್ ಲಾಕ್‌ಡೌನಿನಲ್ಲಿ ಕರ್ನಾಟಕ ಕಾಸರಗೋಡಿನ ರಸ್ತೆಗಳನ್ನು ಮುಚ್ಚಿತು, ಕೆಲವು ಕಡೆ ಮಣ್ಣು ಸುರಿದು. ಮಂಗಳೂರನ್ನೇ ನಂಬಿದ್ದ ರೋಗಿಗಳು ತಲಪಾಡಿಯಲ್ಲಿ ನಿಂತರು. ಚಿಕಿತ್ಸೆ ಸಿಗದೆ ಹಲವರು ತೀರಿಹೋದರೆಂದು ಆಗ ವರದಿಯಾಯಿತು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು, ಏಪ್ರಿಲ್ ಮೊದಲ ವಾರದಲ್ಲಿ ತುರ್ತು ರೋಗಿಗಳನ್ನು ಬಿಡುವ ವ್ಯವಸ್ಥೆ ಆಯಿತು. ಹೃದಯಾಘಾತವಾದವರಿಗೆ ಯಾವ ಪಾಠವೂ ಆಸ್ಪತ್ರೆಗೆ ಬದಲಿ ಅಲ್ಲ, ಅದು ರಸ್ತೆಯ ಪ್ರಶ್ನೆ, ರಾಜಕೀಯದ ಪ್ರಶ್ನೆ. ಆದರೆ ದಿನಾ ಮದ್ದು ತಿನ್ನುವವರ ಪ್ರಶ್ನೆ ಬೇರೆ. ಡಾಕ್ಟ್ರು ಆಚೆ, ರೋಗಿ ಈಚೆ ಆದಾಗ ಅವರ ಹತ್ತಿರ ಉಳಿದದ್ದು ಹಳೆಯ ಚೀಟಿ ಮತ್ತು ಅಷ್ಟರವರೆಗೆ ತಾವು ಕಲಿತದ್ದು. ಮಾತ್ರೆಯ ಹೆಸರು ಗೊತ್ತಿದ್ದವರು ಬೇರೆ ಅಂಗಡಿಯಲ್ಲಿ ಕೇಳಬಹುದಿತ್ತು. ‘ಬಿಳಿ ಗುಳಿಗೆ’ ಎಂದಷ್ಟೇ ಗೊತ್ತಿದ್ದವರು ಎಂತ ಕೇಳುವುದು?

5. ‘ಆಯ್ತು’ ಎಂಬ ಉತ್ತರ

ಪಾಠದ ಕೊನೆಗೆ ದಾದಿ ಕೇಳುತ್ತಾರೆ: ‘ಅಮ್ಮ, ಅರ್ಥ ಆಯ್ತಲ್ಲ?’ ಉತ್ತರ: ‘ಆಯ್ತು ಆಯ್ತು.’ ಈ ‘ಆಯ್ತು’ವಿಗೆ ಹತ್ತು ಅರ್ಥ ಉಂಟು. ಗೊತ್ತಾಯ್ತು ಎಂಬುದು ಅದರಲ್ಲಿ ಒಂದು ಮಾತ್ರ. ಹಿಂದೆ ಕ್ಯೂ ಉಂಟು, ನಿಮಗೆ ತೊಂದರೆ ಬೇಡ, ಬಸ್ಸು ಹೋಗ್ತದೆ, ಗೊತ್ತಾಗಲಿಲ್ಲ ಅಂದರೆ ಬಯ್ತೀರಿ, ಎಲ್ಲವೂ ಅದರಲ್ಲೇ ಉಂಟು. ಗಡಿನಾಡಿನವರಿಗೆ ಇನ್ನೊಂದು ತೊಡಕು. ನಮಗೆ ಸಂತೆಯ ಮಲಯಾಳ ಬರುತ್ತದೆ, ಬಸ್ಸಿನ ಮಲಯಾಳ ಬರುತ್ತದೆ. ಅದನ್ನು ಕೇಳಿದ ಆಸ್ಪತ್ರೆಯವರು ಮದ್ದಿನ ಮಲಯಾಳವೂ ಬರುತ್ತದೆ ಅಂದುಕೊಳ್ಳುತ್ತಾರೆ. ಸೊಲ್ಲಾಪುರದ ಕಡೆ ಮರಾಠಿಯ ಕಥೆಯೂ ಇದೇ. ಬಹುಭಾಷಿಕತೆಯನ್ನು ನಾವು ಸಂಕಿರಣಗಳಲ್ಲಿ ಕೊಂಡಾಡುತ್ತೇವೆ, ಚಿಕಿತ್ಸಾ ಕೋಣೆಯಲ್ಲಿ ಅದೇ ನಮ್ಮ ತಿಳಿಯದಿರುವಿಕೆಯನ್ನು ಮುಚ್ಚುತ್ತದೆ.

ಇದು ನಮ್ಮೊಬ್ಬರ ಸಮಸ್ಯೆ ಅಲ್ಲ. 2003ರಲ್ಲಿ ಡೀನ್ ಶಿಲ್ಲಿಂಜರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಓದುಬರಹ ಕಡಿಮೆ ಇದ್ದ ಮಧುಮೇಹಿಗಳ ಭೇಟಿಗಳನ್ನು ಧ್ವನಿಮುದ್ರಿಸಿ ಪರಿಶೀಲಿಸಿದರು. ವೈದ್ಯರು ಹೇಳಿದ 124 ಹೊಸ ವಿಷಯಗಳಲ್ಲಿ ರೋಗಿಗೆ ಗೊತ್ತಾಯಿತೋ ಎಂದು ಪರೀಕ್ಷಿಸಿದ್ದು 15ನ್ನು ಮಾತ್ರ. ಹಾಗೆ ಪರೀಕ್ಷಿಸಿದ ವೈದ್ಯರ ರೋಗಿಗಳಲ್ಲಿ ಸಕ್ಕರೆಯ ಹತೋಟಿ ಉತ್ತಮವಾಗಿರುವ ಸಂಭವ ಹೆಚ್ಚಿತ್ತು. 2006ರ ಟೆರಿ ಡೇವಿಸ್ ಅವರ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ‘ಎರಡು ಮಾತ್ರೆ, ದಿನಕ್ಕೆ ಎರಡು ಸಲ’ ಎಂಬ ಸೂಚನೆಯನ್ನು ಓದುಬರಹ ಕಡಿಮೆ ಇದ್ದವರಲ್ಲಿ 70.7 ಶೇಕಡ ಮಂದಿ ಸರಿಯಾಗಿ ಹೇಳಿದರು. ದಿನಕ್ಕೆ ಎಷ್ಟು ಮಾತ್ರೆ ಎಂದು ಎಣಿಸಿ ತೋರಿಸಿದವರು 34.7 ಶೇಕಡ. ಸೂಚನೆ ಇದ್ದದ್ದು ಇಂಗ್ಲಿಷಿನಲ್ಲಿ, ಅವರ ಸುತ್ತಲಿನದೇ ಭಾಷೆಯಲ್ಲಿ! ಭಾಷೆ ಸಿಕ್ಕಿದ ಮೇಲೂ ದಾರಿ ಬಾಕಿ ಉಂಟು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಒಪ್ಪಿಸಿದ ಮಾತ್ರಕ್ಕೆ ಪಾಠ ಬಂದಂತಲ್ಲ ಎಂದು ನಮ್ಮ ಹಳೆಯ ಮೇಷ್ಟ್ರುಗಳಿಗೂ ಗೊತ್ತಿತ್ತು.

ಹಾಗಾದರೆ ಕೇಳುವುದು ಹೇಗೆ? ‘ಅಕ್ಕ, ಮನೆಗೆ ಹೋದ ಮೇಲೆ ಈ ಮದ್ದಿನ ಬಗ್ಗೆ ಭಾವನವರಿಗೆ ಎಂತ ಹೇಳ್ತೀರಿ? ನನಗೊಮ್ಮೆ ಹೇಳಿ ನೋಡುವ.’ ಅಕ್ಕಲಕೋಟೆಯಲ್ಲಾದರೆ, ‘ಯಕ್ಕಾ, ಮನ್ಯಾಗ ಹೆಂಗ್ ತಗೋತೀರಿ, ಒಂದ್ಸಲ ತೋರಿಸ್ರಿ ನೋಡೂಣ.’ ಇದು ರೋಗಿಗೆ ಪರೀಕ್ಷೆ ಅಲ್ಲ, ಹೇಳಿದವರಿಗೆ ಪರೀಕ್ಷೆ. ತಪ್ಪು ಬಂದರೆ ‘ನಾನು ಸರಿಯಾಗಿ ಹೇಳಲಿಲ್ಲ’ ಎಂದು ಇನ್ನೊಮ್ಮೆ ಹೇಳಿಕೊಡಬೇಕು. ಉತ್ತರ ತುಳುವಿನಲ್ಲಿ ಬರಲಿ, ಹವ್ಯಕದಲ್ಲಿ ಬರಲಿ, ಬ್ಯಾರಿ ಭಾಷೆಯಲ್ಲಿ ಬರಲಿ. ‘ಆಸ್ಪತ್ರೆಯಲ್ಲಿ ಕನ್ನಡ’ ಎಂದು ನಾವು ಗಟ್ಟಿಯಾಗಿ ಹೇಳುವಾಗ ಮನೆಯಲ್ಲಿ ತುಳು ಆಡುವವರ ಬಾಯಿ ಮುಚ್ಚಿಸಬಾರದು.

ಮನೆಯ ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡುವುದರ ಬಗ್ಗೆ ಒಂದು ಮಾತು. ಮಲಯಾಳ ಕಲಿತ ಮೊಮ್ಮಗ ಅಜ್ಜಿಯ ಬಾಯಿಯಾಗುವುದು ಅಲ್ಲಲ್ಲಿ ಉಂಟು. ಮೂತ್ರದ ತೊಂದರೆಯನ್ನೋ ಬಿಳಿಸೆರಗನ್ನೋ ಅಜ್ಜಿ ಅವನ ಮೂಲಕ ಹೇಳುವುದಿಲ್ಲ. ಅವನಿಗೂ ಗೊತ್ತಾದಷ್ಟೇ ದಾಟಿಸುತ್ತಾನೆ. ಇದನ್ನು ಸೌಕರ್ಯ ಎನ್ನಬಾರದು, ಕೊರತೆ ಎನ್ನಬೇಕು.

6. ಹೇಳಿಕೊಟ್ಟವರು

ದೂರುವುದಷ್ಟೇ ವಿಮರ್ಶೆ ಅಲ್ಲ. ಒಳ್ಳೆಯ ಪಾಠಗಳು ನಮ್ಮ ಸುತ್ತಲೇ ಉಂಟು. ಕೇರಳದ ಪಾಲಿಯೇಟಿವ್ ಕೆಲಸ 1993ರಲ್ಲಿ ಕೋಯಿಕ್ಕೋಡಿನಲ್ಲಿ ಸೊಸೈಟಿಯಾಗಿ ಮೊದಲಾಗಿ 2008ರ ಹೊತ್ತಿಗೆ ರಾಜ್ಯದ ನೀತಿಯಾಯಿತು. ದಾದಿ ಮನೆಗೇ ಬರುತ್ತಾರೆ, ಹಾಸಿಗೆ ಹಿಡಿದವರ ಮಗ್ಗುಲು ತಿರುಗಿಸುವುದು, ಹುಣ್ಣು ತೊಳೆಯುವುದು ಮನೆಯವರ ಕೈಯಲ್ಲೇ ಮಾಡಿಸುತ್ತಾರೆ. ಅಲ್ಲಿ ಭಾಷೆ ಬೇರೆಯಾದರೂ ಪಾಠ ನಿಲ್ಲುವುದಿಲ್ಲ, ಯಾಕಂದ್ರೆ ಪಾಠ ಕೈಯಿಂದ ಕೈಗೆ ಹೋಗುತ್ತದೆ.

ನೀಲಗಿರಿಯ ಗೂಡಲೂರಿನಲ್ಲಿ ‘ಅಶ್ವಿನಿ’ ಸಂಸ್ಥೆಯ ಆದಿವಾಸಿ ಆಸ್ಪತ್ರೆ ಉಂಟು. ಪಣಿಯ, ಬೆಟ್ಟಕುರುಂಬ, ಮುಳ್ಳುಕುರುಂಬ, ಕಾಟ್ಟುನಾಯಕ ಸಮುದಾಯಗಳ ಹೆಣ್ಣುಮಕ್ಕಳೇ ತರಬೇತಿ ಪಡೆದು ದಾದಿಯರಾದರು. ಕುಡಗೋಲುಕಣ ಕಾಯಿಲೆ ನೀಲಗಿರಿಯ ಬುಡಕಟ್ಟುಗಳಲ್ಲಿ ಇರುವುದು 1952ರಲ್ಲೇ ದಾಖಲಾಗಿದೆ. ಅದು ಹುಟ್ಟಿನಿಂದ ಬರುವ, ಬದುಕಿಡೀ ನೋಡಿಕೊಳ್ಳಬೇಕಾದ ಕಾಯಿಲೆ. ಅಂಥದ್ದನ್ನು ತಮ್ಮ ಹಾಡಿಯವರೇ ತಮ್ಮ ಮಾತಿನಲ್ಲಿ ಹೇಳಿಕೊಡುವುದಕ್ಕೂ ಹೊರಗಿನವರು ಹೇಳಿಹೋಗುವುದಕ್ಕೂ ಹೋಲಿಕೆ ಇಲ್ಲ. ಸೊಲ್ಲಾಪುರ ಜಿಲ್ಲೆಯ ಗಡಿಗೆ ತಾಗಿದ ಜಾಮಖೇಡದಲ್ಲಿ 1970ರಿಂದ ಡಾ. ರಜನೀಕಾಂತ್ ಮತ್ತು ಡಾ. ಮೇಬೆಲ್ ಆರೋಳೆ ದಂಪತಿ ಓದುಬರಹ ಅಷ್ಟಾಗಿ ಇಲ್ಲದ ಹಳ್ಳಿಯ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರಾಗಿ ಬೆಳೆಸಿದರು. ಓದು ಬಾರದವರು ಕಲಿಯಲಾರರು ಎಂಬ ನಂಬಿಕೆಯನ್ನೇ ಅದು ಮುರಿಯಿತು.

ಗಡಿನಾಡಿನಲ್ಲಿ ಇವರಿಗೆ ಹತ್ತಿರದವರು ಆಶಾ ಕಾರ್ಯಕರ್ತೆಯರು. ತರಬೇತಿ ರಾಜ್ಯಭಾಷೆಯಲ್ಲಿ, ಮನೆಭೇಟಿ ಕನ್ನಡದಲ್ಲೋ ತುಳುವಿನಲ್ಲೋ. ಪ್ರತಿ ಅಂಗಳದಲ್ಲಿ ಅವರು ಒಂದು ಅನುವಾದ ಮಾಡುತ್ತಾರೆ, ಅದು ಎಲ್ಲೂ ಬರಹಕ್ಕೆ ಬರುವುದಿಲ್ಲ. ಗಡಿನಾಡ ಕನ್ನಡದ ಅತಿ ಹೆಚ್ಚು ಉಪಯೋಗದ ಅನುವಾದ ಇದೇ ಇರಬಹುದು. ನಮ್ಮ ವಿಭಾಗಗಳು ಜಾನಪದ ಹಾಡನ್ನು ಸಂಗ್ರಹಿಸಿದಂತೆ ಈ ಮಾತುಗಳನ್ನೂ ಸಂಗ್ರಹಿಸಬೇಕು. ಸುಸ್ತಿಗೆ, ಜೋಮಿಗೆ, ತಲೆ ತಿರುಗುವುದಕ್ಕೆ ಯಾವ ಊರಲ್ಲಿ ಯಾವ ಶಬ್ದ ಎಂಬ ಪಟ್ಟಿಯನ್ನು ಕನ್ನಡ ಎಂ.ಎ. ವಿದ್ಯಾರ್ಥಿಗಳೇ ಮಾಡಬಹುದು, ಊರಿನ ಆರೋಗ್ಯ ಕೇಂದ್ರಕ್ಕೆ ಒಂದು ಪ್ರತಿ ಕೊಡಬಹುದು.

ಇನ್ನೊಂದು, ಕೊನೆಯದು. ಕಲಿಸುವುದು ಒಂದೇ ದಿಕ್ಕಿನದ್ದಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲದಲ್ಲಿ ಪಡ್ರೆಯ ಮನೆಗಳ ಕಾಯಿಲೆಯನ್ನು ಮೊದಲು ಗಮನಿಸಿ ಬರೆದವರು ಅಲ್ಲಿಯೇ ಚಿಕಿತ್ಸೆ ಕೊಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮುಂತಾದವರು. ಅವರಿಗೆ ಅದು ಗೊತ್ತಾದದ್ದು ಜನರ ಮಾತನ್ನು ಜನರ ಭಾಷೆಯಲ್ಲಿ ಕೇಳಿದ್ದರಿಂದ. ಕೇಳುವ ಕಿವಿ ಇಲ್ಲದ ಕಡೆ ಹೇಳಿಕೊಡುವ ಬಾಯಿಯೂ ಇರುವುದಿಲ್ಲ.

ಚರ್ಚೆಯಿಂದ

ಪ್ರಶ್ನೆ: ಒಪಿಯಲ್ಲಿ ನೂರಾರು ಮಂದಿ ಕ್ಯೂ ನಿಂತಿರುವಾಗ ಇದಕ್ಕೆಲ್ಲ ಸಮಯ ಎಲ್ಲಿ?

ಉತ್ತರ: ಸಮಯ ಕಡಿಮೆ ಎಂಬುದು ನಿಜ. ಹಾಗಾಗಿ ಹತ್ತು ವಿಷಯ ಹೇಳುವ ಬದಲು ಎರಡು ಹೇಳಿ, ಎರಡನ್ನೂ ತಿರುಗಿ ಕೇಳಿ. ಎಲ್ಲವನ್ನೂ ವೈದ್ಯರೇ ಮಾಡಬೇಕೆಂದಿಲ್ಲ. ಮದ್ದು ಕೊಡುವ ಕಿಟಕಿಯಲ್ಲಿ ‘ಇದನ್ನು ಯಾವಾಗ ತಗೊಳ್ತೀರಿ?’ ಎಂಬ ಒಂದೇ ಪ್ರಶ್ನೆಗೆ ಅರ್ಧ ನಿಮಿಷ ಬೇಕಾದೀತು. ಗೊತ್ತಾಗದೆ ಮತ್ತೆ ಬರುವ ರೋಗಿ ಅದಕ್ಕಿಂತ ಹೆಚ್ಚು ಸಮಯ ತಗೊಳ್ತಾರೆ.

ಪ್ರಶ್ನೆ: ಕರ್ನಾಟಕದ ಆರೋಗ್ಯ ವಿಡಿಯೊಗಳು ಫೋನಿಗೇ ಬರುತ್ತವಲ್ಲ, ಅವು ಸಾಲದೇ?

ಉತ್ತರ: ಒಳ್ಳೆಯವು ಬೇಕಾದಷ್ಟು ಉಂಟು, ನೋಡಬೇಕು. ಆದರೆ ಅದರಲ್ಲಿ ಹೇಳುವ ಯೋಜನೆ, ಕಾರ್ಡು, ಸಹಾಯವಾಣಿ ಎಲ್ಲ ಕರ್ನಾಟಕದ್ದು. ಕನ್ನಡ ನಮ್ಮದು, ಕಚೇರಿ ನಮ್ಮದಲ್ಲ. ಮತ್ತೆ, ವಿಡಿಯೊ ನಮ್ಮನ್ನು ತಿರುಗಿ ಕೇಳುವುದಿಲ್ಲ.

ಪ್ರಶ್ನೆ (ಅಕ್ಕಲಕೋಟೆ ಕಡೆಯ ನರ್ಸಿಂಗ್ ವಿದ್ಯಾರ್ಥಿನಿ): ನಮ್ಮಲ್ಲಿ ಡಾಕ್ಟರ್‌ಗೆ ಕನ್ನಡ ಬರೂದಿಲ್ಲ, ಪೇಷಂಟ್‌ಗೆ ಮರಾಠಿ ಅರ್ಧಮರ್ಧ. ನಾ ನಡುವ ನಿಂತು ಏನ್ ಮಾಡ್ಲಿ?

ಉತ್ತರ: ಮೊದಲು, ನೀವು ನಡುವೆ ನಿಂತು ಮಾಡುವುದೂ ಒಂದು ಕೆಲಸ ಎಂದು ನಿಮ್ಮ ಸಂಸ್ಥೆಯವರಿಗೆ ಲೆಕ್ಕಕ್ಕೆ ಹಿಡಿಯಲು ಹೇಳಿ. ಚೀಟಿಯ 1-0-1 ಎಲ್ಲ ಭಾಷೆಯಲ್ಲೂ ಓದಲು ಬರುವ ಬರಹ, ಅದನ್ನು ಮಾತ್ರೆ ಹಿಡಿದು ತೋರಿಸಿ. ಬೆಳಿಗ್ಗೆಯದ್ದು ಒಂದು ಕವರು, ರಾತ್ರಿಯದ್ದು ಒಂದು ಕವರು. ಆಮೇಲೆ ರೋಗಿಯ ಕೈಗೆ ಕೊಟ್ಟು ಬೇರೆ ಮಾಡಲಿಕ್ಕೆ ಹೇಳಿ. ಅವರು ಬೇರೆ ಮಾಡುವಾಗ ನೀವು ಮಾತಾಡಬೇಡಿ, ನೋಡ್ತಾ ಇರಿ.